ಬೆಳಕನ್ನು ಓದಿ ಆಕಾಶವನ್ನು ಅಳೆದ ಅನ್ನಾ ಮಣಿ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ನಂದಿನಿ ಲೇಔಟ್ ಎಂಬ ಬಡಾವಣೆ ಇದೆ. ಅಲ್ಲಿನ ಒಂದು ಮನೆಯ ತಾರಸಿಗೆ ಹೋಗೋಣ ಬನ್ನಿ. ಒಂದು ಕಡೆ ಒಣಗಲು ಹಾಕಿದ ಬಟ್ಟೆ, ಇನ್ನೊಂದು ಕಡೆ ನೀರಿನ ಟ್ಯಾಂಕು, ಮೂಲೆಯಲ್ಲಿ ಒಂದು ಹಳೆಯ ಪ್ಲಾಸ್ಟಿಕ್ ಬಕೆಟ್. ಕೊಂಡು ತಂದಾಗ ಆ ಬಕೆಟ್ಟಿನ ಬಣ್ಣ ಕಡುನೀಲಿ. ಎರಡು ಬೇಸಿಗೆ ಕಳೆದ ಮೇಲೆ ಅದು ಮಾಸಿ ಬಿಳಚಿಕೊಂಡಿದೆ. ಕೈಯಿಂದ ಒತ್ತಿದರೆ ಅಂಚು ಚೂರಾಗುತ್ತದೆ. ಅದರ ಜೊತೆಯಲ್ಲೇ ತಂದ ಇನ್ನೊಂದು ಬಕೆಟ್ ಬಚ್ಚಲು ಮನೆಯಲ್ಲಿ ಗಟ್ಟಿಯಾಗಿಯೇ ಇದೆ!

ತಾರಸಿಯ ಬಕೆಟ್ಟಿಗೆ ಹೀಗೆ ಮಾಡಿದವರು ಯಾರು? ಬಿಸಿಲು ಎಂದು ನೀವು ಹೇಳುತ್ತೀರಿ. ಸರಿಯೇ. ಆದರೆ ಬಿಸಿಲಿನಲ್ಲಿರುವ ಎಲ್ಲ ಕಿರಣಗಳೂ ಇದಕ್ಕೆ ಸಮಾನವಾಗಿ ಕಾರಣವಲ್ಲ. ಮುಖ್ಯ ಕಾರಣ ನಮ್ಮ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳು. ಸೂರ್ಯನಿಂದ ಹೊರಡುವ ಈ ಕಿರಣಗಳಲ್ಲಿ ಒಂದು ಭಾಗ ಮಾತ್ರ ನೆಲವನ್ನು ಮುಟ್ಟುತ್ತದೆ. ಅತ್ಯಂತ ಅಪಾಯಕಾರಿಯಾದ ಭಾಗ ದಾರಿಯಲ್ಲಿಯೇ ತಡೆಯಲ್ಪಡುತ್ತದೆ. ತಡೆಯದೆ ಇದ್ದಿದ್ದರೆ ಬಕೆಟ್ಟಿನ ಮಾತಿರಲಿ, ನಮ್ಮ ಚರ್ಮ, ಕಣ್ಣು, ಹೊಲದ ಪೈರು ಯಾವುದೂ ಸುರಕ್ಷಿತವಾಗಿ ಇರುತ್ತಿರಲಿಲ್ಲ.

ಹಾಗಾದರೆ ತಡೆಯುತ್ತಿರುವುದು ಯಾವುದು? ಅಷ್ಟು ಎತ್ತರದಲ್ಲಿರುವ ಅದನ್ನು ಅಳೆಯುವುದು ಹೇಗೆ? ಭಾರತದಲ್ಲಿಯೇ ಅದಕ್ಕೆ ಉಪಕರಣ ಮಾಡಿಸಿದ ವಿಜ್ಞಾನಿ ಒಬ್ಬರ ಕಥೆ ಇದು. ಅವರ ಹೆಸರು ಅನ್ನಾ ಮಣಿ. ನಂದಿನಿ ಲೇಔಟಿನಿಂದ ಪೂರ್ವಕ್ಕೆ ಯಶವಂತಪುರ ದಾಟಿ ಹೋದರೆ ಭಾರತೀಯ ವಿಜ್ಞಾನ ಸಂಸ್ಥೆ ಸಿಗುತ್ತದೆ. ಅನ್ನಾ ಮಣಿ ಬೆಳಕನ್ನು ಓದಲು ಕಲಿತದ್ದು ಅಲ್ಲಿಯೇ.

ನಮ್ಮ ತಲೆಯ ಮೇಲಿನ ಕೊಡೆ

ನಂದಿನಿ ಲೇಔಟಿನಿಂದ ತುಮಕೂರು ರಸ್ತೆ ಹಿಡಿದು ನೆಲಮಂಗಲಕ್ಕೆ ಹೋದರೆ ಹೆಚ್ಚುಕಡಿಮೆ 20 ಕಿ.ಮೀ. ಆಗುತ್ತದೆ. ಬಸ್ಸಿನಲ್ಲಿ ಇದೇನೂ ದೂರವಲ್ಲ. ಆದರೆ ಅಷ್ಟೇ ದೂರವನ್ನು ನೇರವಾಗಿ ಮೇಲಕ್ಕೆ ಹೋದರೆ? ಮೋಡಗಳು ಕೆಳಗೆ ಉಳಿಯುತ್ತವೆ. ಪ್ರಯಾಣಿಕರ ವಿಮಾನಗಳು ಹಾರುವ ಎತ್ತರವೂ ಕೆಳಗೆ ಉಳಿಯುತ್ತದೆ. ಅಲ್ಲಿ ಗಾಳಿ ತೀರಾ ತೆಳು. ವಾಯುಮಂಡಲದ ಈ ಭಾಗಕ್ಕೆ ಸ್ತರಗೋಳ ಎಂದು ಹೆಸರು. ನೆಲದಿಂದ ಸುಮಾರು 15 ಕಿ.ಮೀ.ನಿಂದ 35 ಕಿ.ಮೀ.ವರೆಗಿನ ಎತ್ತರದಲ್ಲಿ ಓಜೋನ್ ಎಂಬ ಅನಿಲ ಹೆಚ್ಚಾಗಿರುತ್ತದೆ.

ನಾವು ಉಸಿರಾಡುವ ಆಕ್ಸಿಜನ್ನಿನ ಒಂದು ಅಣುವಿನಲ್ಲಿ ಎರಡು ಪರಮಾಣುಗಳಿವೆ. ಓಜೋನಿನ ಒಂದು ಅಣುವಿನಲ್ಲಿ ಮೂರು. ಮೂರನೆಯದು ಎಲ್ಲಿಂದ ಬಂತು? ಸ್ತರಗೋಳದಲ್ಲಿ ಪ್ರಬಲವಾದ ಅತಿನೇರಳೆ ಕಿರಣಗಳು ಆಕ್ಸಿಜನ್ ಅಣುವನ್ನು ಒಡೆಯುತ್ತವೆ. ಬಿಡಿಯಾದ ಪರಮಾಣು ಇನ್ನೊಂದು ಆಕ್ಸಿಜನ್ ಅಣುವಿನ ಜೊತೆ ಸೇರುತ್ತದೆ. ಆಗ ಓಜೋನ್ ಆಗುತ್ತದೆ. ಈ ಓಜೋನ್ ಮತ್ತೆ ಅತಿನೇರಳೆ ಕಿರಣಗಳನ್ನು ಹೀರಿ ಒಡೆಯುತ್ತದೆ, ಮತ್ತೆ ಕೂಡುತ್ತದೆ. ಒಡೆಯುವುದು ಕೂಡುವುದು ಹಗಲೆಲ್ಲ ನಡೆದೇ ಇರುತ್ತದೆ. ಈ ಕೆಲಸದಲ್ಲಿ ಅಪಾಯಕಾರಿ ಕಿರಣಗಳು ಮೇಲೆಯೇ ಖರ್ಚಾಗಿ ಹೋಗುತ್ತವೆ. ಆದ್ದರಿಂದ ಓಜೋನ್ ಪದರವನ್ನು ಭೂಮಿಯ ಕೊಡೆ ಎನ್ನುತ್ತಾರೆ.

ಈ ಕೊಡೆ ಎಷ್ಟು ದಪ್ಪ ಗೊತ್ತೇ? ನಮ್ಮ ತಲೆಯ ಮೇಲಿರುವ ಓಜೋನನ್ನೆಲ್ಲ ಕೆಳಗೆ ತಂದು, ನೆಲಮಟ್ಟದ ಗಾಳಿಯ ಒತ್ತಡದಲ್ಲಿ ಹಾಸಿದರೆ ಸುಮಾರು 3 ಮಿಲಿಮೀಟರ್ ದಪ್ಪವಾಗುತ್ತದೆ, ಅಷ್ಟೇ!

ಒಂದು ಎಚ್ಚರಿಕೆ. ಓಜೋನ್ ಮೇಲಿದ್ದರೆ ರಕ್ಷಕ, ನೆಲದ ಬಳಿ ಇದ್ದರೆ ಉಪದ್ರವಕಾರಿ. ನಂದಿನಿ ಲೇಔಟಿನ ಪಕ್ಕದ ಹೊರವರ್ತುಲ ರಸ್ತೆಯಂತಹ ಕಡೆ ವಾಹನಗಳ ಹೊಗೆ ಮತ್ತು ಬಿಸಿಲು ಸೇರಿದಾಗ ನೆಲಮಟ್ಟದಲ್ಲೂ ಓಜೋನ್ ಉಂಟಾಗುತ್ತದೆ. ಇದನ್ನು ಉಸಿರಾಡಿದರೆ ಶ್ವಾಸಕೋಶಕ್ಕೆ ಕೆಡುಕು.

ಬೆಳಕಿಗೂ ಒಂದು ಸಹಿ

ಕೈಗೆಟುಕದ ವಸ್ತುವನ್ನು ತಿಳಿಯಲು ವಿಜ್ಞಾನಿಗಳು ಬೆಳಕಿನ ಸಹಾಯ ಪಡೆಯುತ್ತಾರೆ. ಬಿಸಿಲನ್ನು ಪಟ್ಟಕದ ಮೂಲಕ ಹಾಯಿಸಿದರೆ ಕಾಮನಬಿಲ್ಲಿನ ಏಳು ಬಣ್ಣಗಳ ಪಟ್ಟಿ ಮೂಡುತ್ತದೆ. ಈ ಪಟ್ಟಿಗೆ ರೋಹಿತ ಎಂದು ಹೆಸರು. ಪ್ರತಿಯೊಂದು ವಸ್ತುವೂ ಬೆಳಕಿನಿಂದ ತನಗೆ ಬೇಕಾದ ಭಾಗವನ್ನು ಮಾತ್ರ ಹೀರಿಕೊಳ್ಳುತ್ತದೆ. ಅಥವಾ ತನ್ನದೇ ಆದ ಬೆಳಕನ್ನು ಹೊರಸೂಸುತ್ತದೆ. ಒಬ್ಬೊಬ್ಬರ ಸಹಿ ಒಂದೊಂದು ರೀತಿ ಇರುವಂತೆ ಒಂದೊಂದು ವಸ್ತುವಿನ ರೋಹಿತವೂ ಬೇರೆ ಬೇರೆ. ಈ ಸಹಿಯನ್ನು ಓದುವ ವಿದ್ಯೆಯೇ ರೋಹಿತ ವಿಜ್ಞಾನ.

ನೀವೇ ಮಾಡಿ ನೋಡಿ. ಹಳೆಯ ಸಿ.ಡಿ. ಒಂದನ್ನು ತೆಗೆದುಕೊಳ್ಳಿ. ಅದರ ಹೊಳೆಯುವ ಮುಖದ ಮೇಲೆ ಟ್ಯೂಬ್‌ಲೈಟಿನ ಬೆಳಕು ಬೀಳುವಂತೆ ಹಿಡಿದು ನಿಧಾನವಾಗಿ ಓರೆ ಮಾಡಿ. ಬಣ್ಣಗಳು ಬಿಡಿಬಿಡಿ ಪಟ್ಟಿಗಳಾಗಿ ಕಾಣುತ್ತವೆ. ಈಗ ಮೇಣದಬತ್ತಿಯ ಬೆಳಕಿನಲ್ಲಿ ಹಾಗೆಯೇ ನೋಡಿ. ಬಣ್ಣಗಳು ಒಂದರೊಳಗೊಂದು ಬೆರೆತು ಎಡೆಬಿಡದೆ ಸಾಗುತ್ತವೆ. ಎರಡೂ ಬೆಳಕೇ, ಆದರೆ ಸಹಿ ಬೇರೆ! ಸಿ.ಡಿ.ಯಲ್ಲಾಗಲಿ ನೇರವಾಗಲಿ ಸೂರ್ಯನನ್ನು ಮಾತ್ರ ನೋಡಬೇಡಿ. ಕಣ್ಣಿಗೆ ಅಪಾಯ.

ವಜ್ರದ ಓಲೆ ಬೇಡ, ಪುಸ್ತಕ ಬೇಕು

ಅನ್ನಾ ಮಣಿ ಹುಟ್ಟಿದ್ದು 1918ರ ಆಗಸ್ಟ್ 23ರಂದು, ಇಂದಿನ ಕೇರಳದ ಪೀರುಮೇಡಿನಲ್ಲಿ. ಎಂಟು ಮಕ್ಕಳಲ್ಲಿ ಏಳನೆಯವರು. ಎಂಟನೆಯ ಹುಟ್ಟುಹಬ್ಬಕ್ಕೆ ಹೆಣ್ಣುಮಕ್ಕಳಿಗೆ ವಜ್ರದ ಓಲೆ ಕೊಡುವುದು ಅವರ ಮನೆಯ ಪದ್ಧತಿ. ಆ ಪುಟ್ಟ ಹುಡುಗಿ ಓಲೆ ಬೇಡವೆಂದಳು. ಅದರ ಬದಲು ವಿಶ್ವಕೋಶದ ಸಂಪುಟಗಳನ್ನು ಕೇಳಿ ಪಡೆದಳು.

ಮದರಾಸಿನಲ್ಲಿ ಪದವಿ ಮುಗಿಸಿದ ಅನ್ನಾ ಮಣಿ 1940ರಲ್ಲಿ ಸಂಶೋಧನಾ ವಿದ್ಯಾರ್ಥಿ ವೇತನ ಪಡೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅಲ್ಲಿ ಸರ್ ಸಿ.ವಿ. ರಾಮನ್ ಅವರ ಪ್ರಯೋಗಾಲಯ ಸೇರಿದರು. ತಮಾಷೆ ನೋಡಿ: ವಜ್ರದ ಓಲೆ ಬೇಡವೆಂದವರಿಗೆ ಅಲ್ಲಿ ಸಿಕ್ಕ ಕೆಲಸ ವಜ್ರಗಳನ್ನು ಪರೀಕ್ಷಿಸುವುದು!

ರಾಮನ್ ಅವರ ಬಳಿ ಬಗೆಬಗೆಯ ವಜ್ರಗಳ ಸಂಗ್ರಹವಿತ್ತು. ಅತಿನೇರಳೆ ಕಿರಣಗಳನ್ನು ಬೀರಿದಾಗ ಕೆಲವು ವಜ್ರಗಳು ನೀಲಿಯಾಗಿ ಹೊಳೆಯುತ್ತವೆ. ಕೆಲವು ಹಸಿರು ಮಿಶ್ರಿತ ಹಳದಿಯಾಗಿ ಹೊಳೆಯುತ್ತವೆ. ಕೆಲವು ಹೊಳೆಯುವುದೇ ಇಲ್ಲ. ಏಕೆ ಹೀಗೆ? ಅನ್ನಾ ಮಣಿ 30ಕ್ಕೂ ಹೆಚ್ಚು ವಜ್ರಗಳ ರೋಹಿತಗಳನ್ನು ದಾಖಲಿಸಿ ಒಂದಕ್ಕೊಂದು ಹೋಲಿಸಿ ನೋಡಿದರು. ಮಾಣಿಕ್ಯವನ್ನೂ ಅಭ್ಯಾಸ ಮಾಡಿದರು.

ಆಗ ಕಂಪ್ಯೂಟರ್ ಇರಲಿಲ್ಲ. ಮಂದವಾದ ಆ ಬೆಳಕನ್ನು ಛಾಯಾಚಿತ್ರದ ಗಾಜಿನ ಫಲಕದ ಮೇಲೆ ಬೀಳಿಸಬೇಕು. ಒಂದು ರೋಹಿತ ಸರಿಯಾಗಿ ಮೂಡಲು 15ರಿಂದ 20 ಗಂಟೆ ಹಿಡಿಯುತ್ತಿತ್ತು. ಅಷ್ಟು ಹೊತ್ತೂ ಉಪಕರಣ ಅಲುಗಬಾರದು. ಅನ್ನಾ ಮಣಿ ಎಷ್ಟೋ ರಾತ್ರಿಗಳನ್ನು ಪ್ರಯೋಗಾಲಯದಲ್ಲಿಯೇ ಕಳೆದರು. 1942ರಿಂದ 1945ರವರೆಗೆ ಐದು ಸಂಶೋಧನಾ ಲೇಖನಗಳನ್ನು ತಾವೊಬ್ಬರೇ ಬರೆದು ಪ್ರಕಟಿಸಿದರು.

ಸಿಗದ ಪದವಿ

1945ರ ಆಗಸ್ಟ್‌ನಲ್ಲಿ ಅನ್ನಾ ಮಣಿ ತಮ್ಮ ಪಿಎಚ್.ಡಿ. ಪ್ರಬಂಧವನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸಿದರು. ಆ ಕಾಲದಲ್ಲಿ ಬೆಂಗಳೂರಿನ ಸಂಸ್ಥೆಯಲ್ಲಿ ಸಂಶೋಧನೆ ಮಾಡಿದವರಿಗೆ ಪದವಿ ಕೊಡುತ್ತಿದ್ದುದು ಆ ವಿಶ್ವವಿದ್ಯಾನಿಲಯ. ಆದರೆ ಅನ್ನಾ ಮಣಿ ಅವರ ಬಳಿ ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಅವರಿಗೆ ಪಿಎಚ್.ಡಿ. ಕೊಡಲಿಲ್ಲ.

ಐದು ವರ್ಷಗಳ ಕೆಲಸ, ಐದು ಪ್ರಕಟಿತ ಲೇಖನಗಳು ಕಣ್ಣ ಮುಂದೆ ಇದ್ದವು. ಆದರೂ ನಿಯಮದ ಒಂದು ಸಾಲು ಅಡ್ಡ ಬಂತು. ಇದು ನ್ಯಾಯವೇ? ನೀವೇ ಯೋಚಿಸಿ. ಅನ್ನಾ ಮಣಿ ಮಾತ್ರ ಆ ಕಹಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲಿಲ್ಲ. ಕೊನೆಯವರೆಗೂ ಅವರ ಹೆಸರಿನ ಮುಂದೆ ಆ ಪದವಿ ಸೇರಲಿಲ್ಲ. ಪದವಿ ದೊರೆಯದ ಆ ಪ್ರಬಂಧವನ್ನು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಜೋಪಾನವಾಗಿ ಇಡಲಾಯಿತು.

ಅದೇ ವರ್ಷ ಸರ್ಕಾರದ ವಿದ್ಯಾರ್ಥಿ ವೇತನದ ಮೇಲೆ ಅವರು ಇಂಗ್ಲೆಂಡಿಗೆ ಹೊರಟರು. ಅವರ ಆಸೆ ಭೌತವಿಜ್ಞಾನ ಕಲಿಯುವುದು. ಸಿಕ್ಕ ಅವಕಾಶ ಹವಾಮಾನ ಉಪಕರಣಗಳ ತರಬೇತಿ. ಸಿಕ್ಕಿದ್ದನ್ನೇ ಶ್ರದ್ಧೆಯಿಂದ ಕಲಿತು 1948ರಲ್ಲಿ ಸ್ವತಂತ್ರ ಭಾರತಕ್ಕೆ ಮರಳಿದರು. ಪುಣೆಯಲ್ಲಿ ಭಾರತೀಯ ಹವಾಮಾನ ಇಲಾಖೆಯ ಉಪಕರಣ ವಿಭಾಗ ಸೇರಿದರು.

ತಪ್ಪು ಅಳತೆಗಿಂತ ಅಳೆಯದಿರುವುದೇ ಮೇಲು

ಆಗ ಉಷ್ಣತಾಮಾಪಕ, ವಾಯುಭಾರಮಾಪಕದಂತಹ ಸರಳ ಉಪಕರಣಗಳೂ ಹೊರದೇಶದಿಂದ ಬರಬೇಕಾಗಿತ್ತು. ಅನ್ನಾ ಮಣಿ ಮತ್ತು ಸಂಗಡಿಗರು ಸುಮಾರು 100 ಹವಾಮಾನ ಉಪಕರಣಗಳ ನಕ್ಷೆಗಳನ್ನು ಸಿದ್ಧಪಡಿಸಿ, ಅವು ದೇಶದಲ್ಲಿಯೇ ತಯಾರಾಗುವಂತೆ ಮಾಡಿದರು. 1953ರಲ್ಲಿ ಅವರು ವಿಭಾಗದ ಮುಖ್ಯಸ್ಥರಾದಾಗ ಅವರ ಕೈಕೆಳಗೆ 121 ಮಂದಿ ಗಂಡಸರು ಕೆಲಸ ಮಾಡುತ್ತಿದ್ದರು.

ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ವಾಸಿ ಎಂಬುದು ಅನ್ನಾ ಮಣಿ ಅವರ ದೃಢ ನಂಬಿಕೆ. ಯೋಚಿಸಿ ನೋಡಿ. ಜ್ವರವಿದ್ದಾಗ ಉಷ್ಣತಾಮಾಪಕ ತಪ್ಪು ತೋರಿಸಿದರೆ ಜ್ವರವೇ ಇಲ್ಲವೆಂದು ಸುಮ್ಮನಾಗಿಬಿಡುತ್ತೇವೆ. ಉಷ್ಣತಾಮಾಪಕ ಇಲ್ಲದಿದ್ದರೆ ಹಣೆ ಮುಟ್ಟಿಯಾದರೂ ನೋಡುತ್ತಿದ್ದೆವು!

1957–58ರಲ್ಲಿ ಜಗತ್ತಿನ ಅನೇಕ ದೇಶಗಳು ಒಟ್ಟಾಗಿ ಅಂತರರಾಷ್ಟ್ರೀಯ ಭೂಭೌತ ವರ್ಷವನ್ನು ಆಚರಿಸಿದವು. ಆ ಸಂದರ್ಭದಲ್ಲಿ ಅನ್ನಾ ಮಣಿ ದೇಶದ ಹಲವೆಡೆ ಬಿಸಿಲಿನ ಪ್ರಮಾಣವನ್ನು ಅಳೆಯುವ ಕೇಂದ್ರಗಳನ್ನು ಸ್ಥಾಪಿಸಿದರು. ಬಿಸಿಲಿನ ನಂತರ ಅವರ ಗಮನ ಬಿಸಿಲನ್ನು ಸೋಸುವ ಓಜೋನಿನ ಕಡೆ ಹೊರಳಿತು.

ಕಡಲೆಕಾಯಿ, ಕಲ್ಲು ಮತ್ತು ಮಂಗಗಳು

ನೆಲದ ಮೇಲೆ ನಿಂತುಕೊಂಡೇ ಓಜೋನನ್ನು ಅಳೆಯಬಹುದು. ಇಂಗ್ಲೆಂಡಿನ ವಿಜ್ಞಾನಿ ಡಾಬ್ಸನ್ 1920ರ ದಶಕದಲ್ಲಿ ಅದಕ್ಕೊಂದು ಉಪಕರಣ ರಚಿಸಿದರು. ಅದರ ಉಪಾಯವನ್ನು ಒಂದು ಆಟದಿಂದ ತಿಳಿಯೋಣ.

ಮಂಗಗಳಿರುವ ಬೆಟ್ಟದ ದಾರಿಯಲ್ಲಿ ಒಬ್ಬ ಹುಡುಗನನ್ನು ಕಳಿಸಿದಿರಿ ಎಂದುಕೊಳ್ಳಿ. ಅವನ ತಟ್ಟೆಯಲ್ಲಿ 100 ಕಡಲೆಕಾಯಿ, ಅಷ್ಟೇ ಗಾತ್ರದ 100 ಕಲ್ಲು. ಮಂಗಗಳು ಕಡಲೆಕಾಯಿಯನ್ನು ಎತ್ತಿಕೊಳ್ಳುತ್ತವೆ, ಕಲ್ಲನ್ನು ಮುಟ್ಟುವುದಿಲ್ಲ. ಹುಡುಗ ಎಡವಿದಾಗ ಎರಡೂ ಸಮನಾಗಿ ಚೆಲ್ಲುತ್ತವೆ. ಕೆಳಗೆ ಬಂದಾಗ 90 ಕಲ್ಲು, 40 ಕಡಲೆಕಾಯಿ ಉಳಿದಿದ್ದರೆ? ಚೆಲ್ಲಿದ್ದು 10. ಮಂಗಗಳ ಪಾಲಾದ ಕಡಲೆಕಾಯಿ 50! ಮಂಗಗಳನ್ನು ನೋಡದೆಯೇ ಅವು ಎಷ್ಟಿದ್ದವೆಂದು ಊಹಿಸಬಹುದು.

ಇಲ್ಲಿ ಮಂಗ ಎಂದರೆ ಓಜೋನ್. ಡಾಬ್ಸನ್ ಉಪಕರಣ ಬಿಸಿಲಿನ ರೋಹಿತದಿಂದ ಎರಡು ಬಗೆಯ ಅತಿನೇರಳೆ ಕಿರಣಗಳನ್ನು ಆರಿಸಿಕೊಳ್ಳುತ್ತದೆ. ಒಂದನ್ನು ಓಜೋನ್ ಹೆಚ್ಚು ಹೀರುತ್ತದೆ, ಅದು ಕಡಲೆಕಾಯಿ. ಇನ್ನೊಂದನ್ನು ಬಹಳ ಕಡಿಮೆ ಹೀರುತ್ತದೆ, ಅದು ಕಲ್ಲು. ದೂಳು, ಮಬ್ಬುಗಳಿಂದ ಆಗುವ ನಷ್ಟ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ನೆಲಕ್ಕೆ ಬಂದು ತಲುಪಿದ ಎರಡು ಕಿರಣಗಳನ್ನು ಹೋಲಿಸಿದರೆ ಮೇಲಿನ ಓಜೋನ್ ಎಷ್ಟೆಂದು ತಿಳಿಯುತ್ತದೆ. ಹಿಂದೆ ವಜ್ರಗಳ ಸಹಿಯನ್ನು ಓದಿದ ಅನ್ನಾ ಮಣಿ ಅವರಿಗೆ ಓಜೋನಿನ ಸಹಿ ಹೊಸದೆನಿಸಿರಲಾರದು.

ಆಕಾಶಕ್ಕೆ ಹೋದ ಬಾಟಲಿ

ಡಾಬ್ಸನ್ ಉಪಕರಣ ಒಟ್ಟು ಓಜೋನ್ ಎಷ್ಟೆಂದು ಹೇಳುತ್ತದೆ. ಆದರೆ ಯಾವ ಎತ್ತರದಲ್ಲಿ ಎಷ್ಟಿದೆ? ಅದನ್ನು ಚೆನ್ನಾಗಿ ತಿಳಿಯಲು ಉಪಕರಣವನ್ನೇ ಮೇಲಕ್ಕೆ ಕಳಿಸಬೇಕು. ಅಂತಹ ಉಪಕರಣವೇ ಓಜೋನ್‌ಸಾಂಡೆ. ಅನ್ನಾ ಮಣಿ ಅವರ ನೇತೃತ್ವದಲ್ಲಿ 1960ರ ದಶಕದಲ್ಲಿ ಭಾರತದ್ದೇ ಆದ ಓಜೋನ್‌ಸಾಂಡೆ ತಯಾರಾಯಿತು. ಆಗ ಇಂತಹ ಉಪಕರಣವನ್ನು ಸ್ವಂತವಾಗಿ ಮಾಡಿಕೊಳ್ಳುತ್ತಿದ್ದ ದೇಶಗಳು ಬೆರಳೆಣಿಕೆಯಷ್ಟು ಮಾತ್ರ.

ಅದು ಕೆಲಸ ಮಾಡುವ ಬಗೆ ಸರಳ. ದೊಡ್ಡ ಬಲೂನಿಗೆ ಒಂದು ಪುಟ್ಟ ಪೆಟ್ಟಿಗೆ ಕಟ್ಟಿರುತ್ತಾರೆ. ಒಳಗೆ ಪುಟ್ಟ ಪಂಪು ಮತ್ತು ಪೊಟ್ಯಾಸಿಯಂ ಅಯೊಡೈಡ್ ಎಂಬ ಲವಣದ ದ್ರಾವಣ. ಬಲೂನು ಏರುತ್ತಾ ಹೋದಂತೆ ಪಂಪು ಸುತ್ತಲಿನ ಗಾಳಿಯನ್ನು ದ್ರಾವಣಕ್ಕೆ ಊದುತ್ತದೆ. ಗಾಳಿಯಲ್ಲಿ ಓಜೋನ್ ಇದ್ದರೆ ಅದು ದ್ರಾವಣದಿಂದ ಅಯೊಡಿನ್ನನ್ನು ಬಿಡಿಸುತ್ತದೆ. ಆಲೂಗಡ್ಡೆಯಲ್ಲಿ ಪಿಷ್ಟವಿದೆಯೇ ಎಂದು ನೋಡಲು ತರಗತಿಯಲ್ಲಿ ಹನಿ ಹಾಕುತ್ತೀರಲ್ಲ, ಅದೇ ಅಯೊಡಿನ್. ಆಗ ಉಪಕರಣದಲ್ಲಿ ಸಣ್ಣದಾಗಿ ವಿದ್ಯುತ್ ಹರಿಯುತ್ತದೆ. ಓಜೋನ್ ಹೆಚ್ಚಿದಷ್ಟೂ ವಿದ್ಯುತ್ ಹೆಚ್ಚು. ಈ ಅಳತೆಯನ್ನು ರೇಡಿಯೋ ಸಂಕೇತ ಕ್ಷಣಕ್ಷಣಕ್ಕೂ ನೆಲಕ್ಕೆ ತಿಳಿಸುತ್ತದೆ. ಮೇಲೆ ಒತ್ತಡ ಕಡಿಮೆಯಾದಂತೆ ಬಲೂನು ಹಿಗ್ಗಿ, ಸುಮಾರು 30 ಕಿ.ಮೀ. ಎತ್ತರದಲ್ಲಿ ಒಡೆಯುತ್ತದೆ. ಅಷ್ಟರಲ್ಲಿ ಅದರ ಕೆಲಸ ಮುಗಿದಿರುತ್ತದೆ.

ಪುಣೆ, ದೆಹಲಿ, ತಿರುವನಂತಪುರಗಳಿಂದ ಇಂತಹ ಬಲೂನುಗಳು ಹಾರಿದವು. ಮುಂದೆ ಅಂಟಾರ್ಕ್ಟಿಕಾದ ಭಾರತೀಯ ನೆಲೆಯಿಂದಲೂ ಹಾರಿದವು.

ಯಾರೂ ಹೆದರದಿದ್ದಾಗ ಅಳೆದವರು

ಇಲ್ಲಿ ಒಂದು ಮುಖ್ಯ ವಿಷಯವನ್ನು ಗಮನಿಸಿ. 1960ರ ದಶಕದಲ್ಲಿ ಓಜೋನ್ ಪದರಕ್ಕೆ ಅಪಾಯವಿದೆಯೆಂದು ಜನ ಯೋಚಿಸಿಯೇ ಇರಲಿಲ್ಲ. ಫ್ರಿಜ್ಜು, ಸ್ಪ್ರೇ ಡಬ್ಬಿಗಳಲ್ಲಿ ಬಳಸುತ್ತಿದ್ದ ಸಿ.ಎಫ್.ಸಿ. ಎಂಬ ರಾಸಾಯನಿಕಗಳು ಮೇಲೇರಿ ಓಜೋನನ್ನು ನಾಶಮಾಡಬಲ್ಲವು ಎಂದು ಮೊಲೀನಾ ಮತ್ತು ರೋಲೆಂಡ್ ತಿಳಿಸಿದ್ದು 1974ರಲ್ಲಿ. ಸಿ.ಎಫ್.ಸಿ.ಯಿಂದ ಬಿಡುಗಡೆಯಾದ ಕ್ಲೋರಿನ್ನಿನ ಒಂದೇ ಒಂದು ಪರಮಾಣು ಸಾವಿರಾರು ಓಜೋನ್ ಅಣುಗಳನ್ನು ಒಡೆಯಬಲ್ಲದು.

1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕಾದ ಮೇಲೆ ಪ್ರತಿ ವರ್ಷ ಅಲ್ಲಿನ ವಸಂತದಲ್ಲಿ ಓಜೋನ್ ತೀರಾ ತೆಳುವಾಗುತ್ತಿದೆ ಎಂದು ಪ್ರಕಟಿಸಿದರು. ಅದೇ ಓಜೋನ್ ರಂಧ್ರ. ಅವರಿಗೆ ಅದು ಹೇಗೆ ತಿಳಿಯಿತು? 1950ರ ದಶಕದಿಂದಲೂ ಅವರು ಡಾಬ್ಸನ್ ಉಪಕರಣದಿಂದ ಬೇಸರಪಡದೆ ಅಳೆದು ಬರೆದಿಟ್ಟಿದ್ದರು. ಹಿಂದಿನ ಲೆಕ್ಕವಿದ್ದರೆ ತಾನೇ ಇಂದು ಕಡಿಮೆಯಾಗಿದೆ ಎಂದು ಹೇಳಲು ಸಾಧ್ಯ?

1987ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಸಿ.ಎಫ್.ಸಿ.ಗಳನ್ನು ಹಂತಹಂತವಾಗಿ ಕೈಬಿಡುವ ಒಪ್ಪಂದವಾಯಿತು. ಭಾರತ 1992ರಲ್ಲಿ ಅದಕ್ಕೆ ಸೇರಿತು. ಒಪ್ಪಂದದ ನೆನಪಿಗಾಗಿ ಸೆಪ್ಟೆಂಬರ್ 16ನ್ನು ಓಜೋನ್ ದಿನವಾಗಿ ಆಚರಿಸುತ್ತೇವೆ. ಓಜೋನ್ ಪದರ ಈಗ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ. ಒಪ್ಪಂದವನ್ನು ಹೀಗೆಯೇ ಪಾಲಿಸಿದರೆ ಜಗತ್ತಿನ ಬಹುಪಾಲು ಕಡೆ 2040ರ ಸುಮಾರಿಗೆ, ಅಂಟಾರ್ಕ್ಟಿಕಾದ ಮೇಲೆ 2066ರ ಸುಮಾರಿಗೆ ಅದು 1980ರ ಮಟ್ಟಕ್ಕೆ ಮರಳಬಹುದೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಆ ಲೆಕ್ಕ ನಿಜವಾಯಿತೇ ಎಂದು ನೋಡಲು ನೀವು ಇರುತ್ತೀರಿ!

ಮತ್ತೆ ಬೆಂಗಳೂರಿಗೆ

ಅನ್ನಾ ಮಣಿ ಅಂತರರಾಷ್ಟ್ರೀಯ ಓಜೋನ್ ಆಯೋಗದ ಸದಸ್ಯರಾಗಿದ್ದರು. ಹವಾಮಾನ ಇಲಾಖೆಯ ಉಪ ಮಹಾನಿರ್ದೇಶಕರಾಗಿ 1976ರಲ್ಲಿ ನಿವೃತ್ತರಾದರು. ಆಮೇಲೆ ಬೆಂಗಳೂರಿಗೆ ಬಂದು ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಮೂರು ವರ್ಷ ಸಂದರ್ಶಕ ಪ್ರಾಧ್ಯಾಪಕರಾದರು. ಭಾರತದ ಯಾವ ಊರಿನಲ್ಲಿ ಎಷ್ಟು ಬಿಸಿಲು ಬೀಳುತ್ತದೆ ಎಂಬ ವಿವರಗಳ ಗ್ರಂಥಗಳನ್ನು 1980 ಮತ್ತು 1981ರಲ್ಲಿ ಹೊರತಂದರು. ಗಾಳಿಯ ವೇಗ ಮತ್ತು ಬಿಸಿಲನ್ನು ಅಳೆಯುವ ಉಪಕರಣಗಳನ್ನು ತಯಾರಿಸುವ ಕಾರ್ಯಾಗಾರವನ್ನೂ ಬೆಂಗಳೂರಿನಲ್ಲಿ ನಡೆಸಿದರು. ಇಂದು ಚಿತ್ರದುರ್ಗ, ಗದಗಗಳ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುವುದನ್ನು ನೀವು ನೋಡಿರಬಹುದು. ಪಾವಗಡದಲ್ಲಿ ಬಿಸಿಲಿನಿಂದ ವಿದ್ಯುತ್ ತಯಾರಾಗುತ್ತಿದೆ. ಎಲ್ಲಿ ಗಾಳಿ ಹೆಚ್ಚು, ಎಲ್ಲಿ ಬಿಸಿಲು ಹೆಚ್ಚು ಎಂದು ಮೊದಲು ಅಳೆಯದೆ ಇವನ್ನು ಸ್ಥಾಪಿಸಲು ಆಗುತ್ತದೆಯೇ?

2001ರ ಆಗಸ್ಟ್ 16ರಂದು ಅನ್ನಾ ಮಣಿ ತಿರುವನಂತಪುರದಲ್ಲಿ ನಿಧನರಾದರು.

ಮಕ್ಕಳೇ, ನೀವೂ ಒಂದು ಕೆಲಸ ಮಾಡಿ. ಒಂದೇ ಬಣ್ಣದ ಕಾಗದದ ಎರಡು ತುಂಡು ತೆಗೆದುಕೊಳ್ಳಿ. ಒಂದನ್ನು ದಿನವೂ ಬಿಸಿಲು ಬೀಳುವ ಕಿಟಕಿಯ ಹೊರಗೆ ಅಂಟಿಸಿ, ಇನ್ನೊಂದನ್ನು ಪುಸ್ತಕದೊಳಗೆ ಇಡಿ. ವಾರಕ್ಕೊಮ್ಮೆ ಎರಡನ್ನೂ ಹೋಲಿಸಿ, ಕಂಡದ್ದನ್ನು ದಿನಾಂಕ ಸಹಿತ ಬರೆದಿಡಿ. ಒಂದು ವಾರ ಏನೂ ಬದಲಾಗದಿದ್ದರೆ "ಬದಲಾವಣೆ ಇಲ್ಲ" ಎಂದೇ ಬರೆಯಿರಿ. ಊಹಿಸಿ ಬರೆಯಬೇಡಿ. ನಿಮ್ಮ ಪುಸ್ತಕದಲ್ಲಿ ಒಂದೇ ಒಂದು ತಪ್ಪು ಅಳತೆಯೂ ಇಲ್ಲದಿದ್ದರೆ ಅನ್ನಾ ಮಣಿ ಅವರು ಖಂಡಿತ ಮೆಚ್ಚುತ್ತಿದ್ದರು.